ಪರೀಕ್ಷಿಸುವವರನ್ನು ಪರೀಕ್ಷಿಸುವವರು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



"ವಿಜ್ಞಾನ ಮತ್ತು ದಿನನಿತ್ಯದ ಬದುಕು" ಎಂಬ ವಿಷಯದ ಮೇಲೆ ಮಾತನಾಡಲು ಹೇಳಿದ್ದಾರೆ. ವಿಷಯ ದೊಡ್ಡದು, ಸಮಯ ಕಡಿಮೆ. ಹಾಗಾಗಿ ಒಂದೇ ಒಂದು ಹಾಳೆಯಿಂದ ಆರಂಭಿಸುತ್ತೇನೆ.

ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂದು ವಿದ್ಯಾರ್ಥಿನಿಲಯದ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿತ್ತು. ಅಲ್ಲಿನ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆವು. ವರದಿ ಬಂತು. ಬಣ್ಣ, ವಾಸನೆ, ಪಿಎಚ್, ಕರಗಿದ ಲವಣಗಳು, ಗಡಸುತನ, ಕ್ಲೋರೈಡ್, ಹೀಗೆ ಆರು ಸಾಲು. ಕೆಳಗೆ ಮೊಹರು, ಸಹಿ, "ಕುಡಿಯಲು ಯೋಗ್ಯ" ಎಂಬ ಒಕ್ಕಣೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಸಿದವನು ನಾನೇ.

ಎರಡು ವರ್ಷದ ನಂತರ ಹೊಸದಾಗಿ ಸೇರಿದ ಒಬ್ಬ ಹುಡುಗ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡೆ. ಹಲ್ಲಿನ ಮೇಲೆ ಕಂದು ಪಟ್ಟೆಗಳು. ಅದು ಫ್ಲೋರೈಡಿನ ಕಲೆ. ಹಲ್ಲು ಮೂಡುವ ವಯಸ್ಸಿನಲ್ಲಿ ಬೀಳುವಂಥದ್ದು. ಅಂದರೆ ಅದು ಅವನ ಊರಿನ ನೀರಿನ ಗುರುತು, ನಮ್ಮ ನೀರಿನದಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಥಟ್ಟನೆ ಹೊಳೆಯಿತು: ಗೋಡೆಯ ಮೇಲಿನ ಹಾಳೆಯಲ್ಲಿ ಫ್ಲೋರೈಡ್ ಎಂಬ ಸಾಲೇ ಇಲ್ಲ! ಮತ್ತೆ ಪರೀಕ್ಷೆ ಮಾಡಿಸಿದಾಗ ಅದು ಮಿತಿ ಮೀರಿತ್ತು. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಮೊದಲಿನ ಪ್ರಯೋಗಾಲಯದವರು ಸುಳ್ಳು ಬರೆದಿದ್ದರೆ? ಇಲ್ಲ. ಆ ಆರು ಅಂಕಿಗಳೂ ಸರಿ ಇದ್ದಿರಬಹುದು. ಫ್ಲೋರೈಡ್ ನೋಡಿರೆಂದು ನಾವು ಕೇಳಿರಲಿಲ್ಲ, ಅವರು ನೋಡಿರಲಿಲ್ಲ. ಆದರೆ ಆರು ಸಾಲು ನೋಡಿ "ಕುಡಿಯಲು ಯೋಗ್ಯ" ಎಂದು ಬರೆದುಕೊಟ್ಟರು, ನಾವು ಮೊಹರು ನೋಡಿ ನಂಬಿದೆವು. ರಸಾಯನಶಾಸ್ತ್ರದ ಮೇಷ್ಟ್ರಾಗಿ ನನಗೆ ಇಂದಿಗೂ ನಾಚಿಕೆಯಾಗುವ ವಿಷಯ ಇದು.

ಇನ್ನು ಸುರಪುರದ ಕಡೆಗೆ ಬನ್ನಿ. ಅಲ್ಲಿನ ಮಂಗಳೂರು, ಅಂದರೆ ಕಡಲತೀರದ ಮಂಗಳೂರಲ್ಲ, ನಮ್ಮ ತಾಲೂಕಿನ ಮಂಗಳೂರು, ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಪ್ರದೇಶ. ಆ ಭಾಗದ ಕಿರದಳ್ಳಿ ತಾಂಡಾದ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು. ಕೋಲ್ಕತ್ತಾದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶದ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿಗಳ ಮಾದರಿಗಳಲ್ಲಿ ನೂರಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಅತಿ ಹೆಚ್ಚೆಂದರೆ 303. ತಪಾಸಣೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಗುರುತುಗಳಿದ್ದವು.

ಆರ್ಸೆನಿಕ್ ಬೆರೆತ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಕುದಿಸಿದರೆ ಹೋಗುವುದಿಲ್ಲ. ನಮ್ಮ ಗೋಡೆಯ ಹಾಳೆಯ ಆರು ಸಾಲುಗಳಲ್ಲಿ ಅದು ಸಿಕ್ಕಿಬೀಳುವುದೇ ಇಲ್ಲ. 10 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವ ಯಂತ್ರ ಬೇಕು, ಯಂತ್ರ ಸರಿಯಿರಬೇಕು, ನಡೆಸುವವನಿಗೆ ಕೈ ಪಳಗಿರಬೇಕು. ಇದೆಲ್ಲ ಇದೆಯೆಂದು ಹೇಳುವವರು ಯಾರು? ಪ್ರಯೋಗಾಲಯದವರೇ ಹೇಳಿಕೊಂಡರೆ ಸಾಕೆ?

ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ದೇಶದಲ್ಲಿರುವುದು ಎನ್‌ಎಬಿಎಲ್, ಅಂದರೆ ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ. ಇದರ ಬೇರು 1982ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಆರಂಭಿಸಿದ ಕಾರ್ಯಕ್ರಮದಲ್ಲಿದೆ. ಈಗ ಇದು ಭಾರತೀಯ ಗುಣಮಟ್ಟ ಮಂಡಳಿಯ ಒಂದು ಅಂಗ. ಇವರು ನಿಮ್ಮ ನೀರನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸುವವರನ್ನು ಪರೀಕ್ಷಿಸುತ್ತಾರೆ. ಅದಕ್ಕೆ ಐಎಸ್‌ಒ 17025 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬ್‌ಗಳಿಗೆ 15189 ಎಂಬ ಬೇರೆ ಮಾನಕ.

ಮಂಡಳಿಯ ಕಡೆಯಿಂದ ಬರುವ ತಜ್ಞರು ಚಹಾ ಕುಡಿದು ಕಡತಕ್ಕೆ ಸಹಿ ಹಾಕಿ ಹೋಗುವವರಲ್ಲ. ಒಂದು ಹಳೆಯ ವರದಿ ತೆಗೆಸಿ, ಅದರ ಅಂಕಿ ಯಾವ ನೋಟ್‌ಬುಕ್ಕಿನ ಯಾವ ಪುಟದಿಂದ ಬಂತು, ಆ ದಿನ ಕೆಲಸ ಮಾಡಿದವರು ಯಾರು, ಅವರಿಗೆ ತರಬೇತಿ ಆಗಿದೆಯೆ ಎಂದು ಹಿಂದಕ್ಕೆ ಹೋಗುತ್ತಾರೆ. ತಂತ್ರಜ್ಞನನ್ನು ಕರೆದು ತಮ್ಮೆದುರೇ ಪರೀಕ್ಷೆ ಮಾಡಿಸುತ್ತಾರೆ. ತಕ್ಕಡಿಯನ್ನು ಯಾವ ತೂಕದೊಡನೆ ತಾಳೆ ನೋಡಲಾಗಿದೆ, ಆ ತೂಕವನ್ನು ಯಾವುದರೊಡನೆ ಎಂದು ಕೇಳುತ್ತಾರೆ. ಈ ಸರಪಳಿ ನಮ್ಮಲ್ಲಿ ಸಾಮಾನ್ಯವಾಗಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ಹೋಗಿ ಮುಟ್ಟುತ್ತದೆ.

ವಿದ್ಯಾರ್ಥಿಗಳಿಗೆ ಇಷ್ಟವಾಗಬಹುದಾದ ಇನ್ನೊಂದು ಕ್ರಮವಿದೆ. ಒಂದೇ ನೀರನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಯಾರ ಉತ್ತರ ಎಷ್ಟು ದೂರ ಹೋಯಿತೆಂದು ಅಂಕ ಕೊಡುತ್ತಾರೆ. ಮೈನಸ್ 2ರಿಂದ ಪ್ಲಸ್ 2ರೊಳಗಿದ್ದರೆ ಪಾಸ್, 3 ದಾಟಿದರೆ ನಪಾಸ್. ನಕಲು ಹೊಡೆಯಲು ಪಕ್ಕದ ಬೆಂಚು ಇಲ್ಲದ ಪರೀಕ್ಷೆ ಇದು.

ಹಾಗಾದರೆ ಎನ್‌ಎಬಿಎಲ್‌ಗೆ ಪರೀಕ್ಷೆ ಬೇಡವೆ ಎಂದು ನೀವು ಕೇಳಬಹುದು. ಬೇಕು. ಬೇರೆ ದೇಶಗಳ ಮಾನ್ಯತಾ ಮಂಡಳಿಗಳ ತಜ್ಞರು ಬಂದು ಇವರ ಕೆಲಸ ನೋಡುತ್ತಾರೆ. ಹಾಗೆ ನೋಡಿದ ಮೇಲೆಯೇ 2000ನೇ ಇಸವಿಯಲ್ಲಿ ಭಾರತ ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ ಸಹಿ ಹಾಕಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಮಾನ್ಯತೆ ಸಿಗುವುದು ಕಟ್ಟಡಕ್ಕಲ್ಲ. ಇಂತಹ ವಸ್ತುವಿನಲ್ಲಿ, ಇಂತಹ ಅಂಶವನ್ನು, ಇಂತಹ ವಿಧಾನದಿಂದ ಅಳೆಯಬಲ್ಲರು ಎಂದು ಒಂದೊಂದಾಗಿ ಬರೆದ ಪಟ್ಟಿಗೆ. ಇದಕ್ಕೆ ವ್ಯಾಪ್ತಿ ಎನ್ನುತ್ತಾರೆ, ಲ್ಯಾಬಿನವರ ಬಾಯಲ್ಲಿ ಸ್ಕೋಪ್. ಗಡಸುತನಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಆರ್ಸೆನಿಕ್‌ಗೆ ಮಾನ್ಯತೆ ಇಲ್ಲದಿರಬಹುದು. ಆಗ ಆ ಪರೀಕ್ಷೆಯ ಫಲಿತಾಂಶಕ್ಕೆ ಮಂಡಳಿಯ ಚಿಹ್ನೆ ಸಲ್ಲದು. ಗಣಿತದಲ್ಲಿ ಪಾಸಾದವನು ಹಿಂದಿಯಲ್ಲೂ ಪಾಸಾಗಿದ್ದಾನೆಂದು ಯಾರಾದರೂ ಹೇಳುತ್ತಾರೆಯೆ?

ತಪಾಸಣೆ ಮಾಡುವ ಮತ್ತು ಪ್ರಮಾಣಪತ್ರ ಕೊಡುವ ಸಂಸ್ಥೆಗಳನ್ನು ನೋಡಿಕೊಳ್ಳಲು ಎನ್‌ಎಬಿಸಿಬಿ ಎಂಬ ಇನ್ನೊಂದು ಮಂಡಳಿ ಇದೆ. ನಮ್ಮ ಕಡೆ ಶಾಲೆ, ಅಂಗಡಿಗಳ ಫಲಕದ ಮೇಲೆ "ಐಎಸ್‌ಒ ಪ್ರಮಾಣಿತ" ಎಂದು ಬರೆಸುವ ಚಟ ಹೆಚ್ಚಾಗಿದೆ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಟ್ಟವರು ಯಾರು, ಅವರಿಗೆ ಮಾನ್ಯತೆ ಕೊಟ್ಟವರು ಯಾರು ಎಂದು ಕೇಳಿ ನೋಡಿ. ಅನೇಕ ಕಡೆ ಉತ್ತರ ಸಿಗುವುದಿಲ್ಲ. ಹಲಾಲ್ ವಿಷಯದಲ್ಲೂ ಇದೇ ಏರ್ಪಾಡು ಬಂದಿದೆ. ರಫ್ತಾಗುವ ಮಾಂಸಕ್ಕೆ ಹಲಾಲ್ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಎನ್‌ಎಬಿಸಿಬಿಯ ಮಾನ್ಯತೆ ಪಡೆದಿರಬೇಕೆಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2023ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಹಲಾಲ್ ಯಾವುದು, ಹರಾಮ್ ಯಾವುದು ಎಂದು ಫತ್ವಾ ಕೊಡುವ ಕೆಲಸ ಮಂಡಳಿಯದಲ್ಲ. ಪ್ರಮಾಣಪತ್ರ ಕೊಡುವವರು ಪಕ್ಷಪಾತವಿಲ್ಲದೆ, ಒಪ್ಪಿಕೊಂಡ ನಿಯಮದಂತೆ, ಸ್ಥಳಕ್ಕೆ ಹೋಗಿ ನೋಡಿ ಕೊಟ್ಟಿದ್ದಾರೆಯೆ ಎಂಬುದಷ್ಟೇ ಅದರ ಕಾಳಜಿ.

ಬಿ.ಎಸ್ಸಿ. ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಈ ಪ್ರಯೋಗಾಲಯಗಳಿಗೆ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರು ಬೇಕು. ದಾಖಲೆ ಶುದ್ಧವಾಗಿ ಇಡುವ ಅಭ್ಯಾಸ ಈಗಿನಿಂದಲೇ ಇರಲಿ. ತಪ್ಪು ಬರೆದ ಅಂಕಿಯನ್ನು ಅಳಿಸಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ.

ಭಾಷಣ ಮುಗಿದ ಮೇಲೆ ಶಹಾಪುರದ ಒಬ್ಬ ವಿದ್ಯಾರ್ಥಿನಿ "ಸರ್, ನಮ್ಮ ಹಾಸ್ಟೆಲ್ ನೀರಿಗೆ ಈಗ ಏನು ಮಾಡಬೇಕು?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮೊದಲು ಎನ್‌ಎಬಿಎಲ್ ಜಾಲತಾಣದಲ್ಲಿ ಪ್ರಯೋಗಾಲಯದ ಹೆಸರು ಹುಡುಕಿ, ಅದರ ವ್ಯಾಪ್ತಿಯ ಪಟ್ಟಿ ತೆರೆಯಿರಿ. ಕುಡಿಯುವ ನೀರಿನ ಕೆಳಗೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಕೋಲಿಫಾರ್ಮ್ ಇವೆಯೆ ನೋಡಿ. ಮಾನ್ಯತೆಯ ಅವಧಿ ಮುಗಿದಿಲ್ಲ ತಾನೆ ಎಂದೂ ನೋಡಿ. ಈ ನಾಲ್ಕನ್ನೂ ಹೆಸರಿಸಿ ಅರ್ಜಿ ಬರೆಯಿರಿ. ಬಾಟಲಿಗಳನ್ನು ಅವರಿಂದಲೇ ತರಿಸಿ. ಕೋಲಿಫಾರ್ಮ್‌ಗೆ ಕ್ರಿಮಿಶುದ್ಧ ಮಾಡಿದ ಬೇರೆ ಬಾಟಲಿ ಬೇಕು, ಅದನ್ನು ತಂಪಾಗಿಟ್ಟು ಆದಷ್ಟು ಬೇಗ ಮುಟ್ಟಿಸಬೇಕು. ವರದಿ ಬಂದಾಗ ಗೋಡೆಗೆ ಹಾಕುವ ಮೊದಲು ಪ್ರತಿ ಸಾಲನ್ನೂ ನೀವೇ ಓದಿ.