ಗಂಡುನಾಯಿಯ ಸ್ವಭಾವ

ಬೇಲೂರಿನ ಸುತ್ತಿನ ರೈತನಿಗೆ ಹೋರಿಗೂ ಎತ್ತಿಗೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜ ಒಡೆಸಿದ ಹಳ್ಳಿಕಾರ್ ಹೋರಿ ನೊಗಕ್ಕೆ ಒಗ್ಗುತ್ತದೆ. ಎತ್ತೆಂದು ಹೆಸರನ್ನೂ ಬದಲಿಸಿಕೊಳ್ಳುತ್ತದೆ. ನಾಯಿಗೆ ಅಂಥ ಎರಡನೆಯ ಹೆಸರನ್ನು ನಾನು ಕೇಳಿಲ್ಲ. ಆದರೂ ಎತ್ತಿನ ಅನುಭವವನ್ನೇ ನಾಯಿಗೆ ಅನ್ವಯಿಸಿ, ಶಸ್ತ್ರಚಿಕಿತ್ಸೆಯಾದ ಗಂಡುನಾಯಿ ಸಾಧುವಾಗುವುದೆಂದು ಕೆಲವರೂ, ಕಾವಲಿಗೆ ಬಾರದೆಂದು ಕೆಲವರೂ ಭಾವಿಸುತ್ತಾರೆ. ಎರಡು ಮಾತೂ ನನಗೆ ಒಪ್ಪಿಗೆಯಲ್ಲ.

ವೃಷಣಗಳನ್ನು ತೆಗೆದಾಗ ಟೆಸ್ಟೊಸ್ಟಿರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಬೆದೆಗೆ ಬಂದ ಹೆಣ್ಣನ್ನರಸಿ ಅಲೆಯುವುದು, ಅದಕ್ಕಾಗಿ ಬೇರೆ ಗಂಡುಗಳೊಡನೆ ಕಾದಾಡುವುದು, ಕಂಬಕಂಬಕ್ಕೂ ಕಾಲೆತ್ತಿ ಗುರುತಿಡುವುದು, ಇವೆಲ್ಲ ಬಹುಮಟ್ಟಿಗೆ ತಗ್ಗುತ್ತವೆ; ಹಳೆಯ ರೂಢಿ ಕೆಲವು ವಾರವೋ ತಿಂಗಳೋ ಉಳಿದೀತು. ಬಾಗಿಲಲ್ಲಿ ಅಪರಿಚಿತನನ್ನು ಕಂಡು ಬೊಗಳುವ ಗುಣಕ್ಕೆ ಈ ಹಾರ್ಮೋನಿನ ಹಂಗಿಲ್ಲ. ಕಾವಲು ಎಂದಿನಂತೆ ನಡೆಯುತ್ತದೆ.

ಅಂಜಿ ಕಚ್ಚುವ ನಾಯಿಯ ವಿಚಾರ ಬೇರೆ. ಅದರ ಅಂಜಿಕೆ ಹಾಗೆಯೇ ಉಳಿಯುತ್ತದೆ, ಕೆಲವೊಮ್ಮೆ ಹೆಚ್ಚುವುದೂ ಉಂಟು. ‘ಆಪರೇಷನ್ ಮಾಡಿಸಿದರೂ ಕಚ್ಚಿತಲ್ಲ’ ಎಂದು ಅದನ್ನು ಯಗಚಿಯ ಆಚೆ ಬಿಟ್ಟುಬರುವುದು ಅನ್ಯಾಯ. ಅದಕ್ಕೆ ಬೇಕಾದದ್ದು ತಾಳ್ಮೆಯಿಂದ ಪಳಗಿಸುವ ಕೈ.

ಬೀದಿನಾಯಿಗಳ ಬಗ್ಗೆ ಕೇಂದ್ರ ಸರ್ಕಾರದ ನಿಯಮಗಳು 2001ರಲ್ಲಿ ಬಂದವು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸವು ಬಂದವು. ಸಂತಾನಹರಣ ಚಿಕಿತ್ಸೆಯ ಜೊತೆಗೇ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಇವು ವಿಧಿಸುತ್ತವೆ. ಚಿಕಿತ್ಸೆಯಾದ ನಾಯಿಯ ಕಿವಿಯಂಚಿನಲ್ಲಿ ಕತ್ತರಿಸಿದ ಗುರುತಿರುತ್ತದೆ. ಆ ಗುರುತನ್ನು ನಂಬಿ ಕಡಿತವನ್ನು ಅಲಕ್ಷಿಸಬಾರದು: ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.