ಕಿವಿ ಮುಚ್ಚಿ, ಆದರೆ ಕೇಳಿಸುವಷ್ಟು ಬಿಡಿ



ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ನಿಮ್ಮ ಮನೆಗಳಲ್ಲಿ ಮಂಚದ ಕೆಳಗಿನ ಟ್ರಂಕು ಹೊರಗೆ ಬರುತ್ತದೆ. ರಜಾಯಿ, ಸ್ವೆಟರು, ಶಾಲುಗಳೆಲ್ಲ ಬಾಲ್ಕನಿಯ ಬಿಸಿಲಿಗೆ ಬೀಳುತ್ತವೆ. ಕೊನೆಗೆ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಮಫ್ಲರು, ಜೋಡಿ ಕಳೆದುಕೊಂಡ ಒಂದು ಕೈಗವಸು, ಒಂದು ಮಂಕಿ ಕ್ಯಾಪು ಸಿಗುತ್ತವೆ. ಸ್ವೆಟರನ್ನು ಬಣ್ಣ ನೋಡಿ, ಅಳತೆ ನೋಡಿ, ನಾಲ್ಕು ಅಂಗಡಿ ತಿರುಗಿ ಕೊಳ್ಳುವ ನಾವು ತಲೆಗೂ ಕುತ್ತಿಗೆಗೂ ಮಾತ್ರ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಹೊರಟುಬಿಡುತ್ತೇವೆ. ಇವತ್ತು ಆ ಕೈಗೆ ಸಿಕ್ಕಿದ್ದರ ಬಗ್ಗೆಯೇ ನಾಲ್ಕು ಮಾತು.

ಬೆಂಗಳೂರಿನಲ್ಲಿ ಹದಿನೈದು ಡಿಗ್ರಿಗೆ ಇಳಿದರೆ "ಅಬ್ಬಾ ಏನು ಚಳಿ" ಎನ್ನುವ ನಂಟರಿಗೆ ಇಲ್ಲಿಯ ಚಳಿ ಹೇಳಿದರೆ ಅರ್ಥವಾಗುವುದಿಲ್ಲ. 2006ರ ಜನವರಿ 8ರಂದು ಸಫ್ದರ್‌ಜಂಗ್‌ನಲ್ಲಿ 0.2 ಡಿಗ್ರಿ ದಾಖಲಾಗಿತ್ತು. ಆ ಬೆಳಿಗ್ಗೆ ಇಲ್ಲಿದ್ದವರಿಗೆ ನೆನಪಿರಬಹುದು. ಪ್ರತಿ ವರ್ಷ ಅಷ್ಟು ಇಳಿಯುವುದಿಲ್ಲ ನಿಜ. ಆದರೆ ಬೆಳಗಿನ ನಡಿಗೆಗೆ ಹೋಗುವವರಿಗೆ, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವವರಿಗೆ, ಸ್ಕೂಟರಿನಲ್ಲಿ ಕೆಲಸಕ್ಕೆ ಓಡುವವರಿಗೆ ಐದು ಡಿಗ್ರಿಯೇ ಸಾಕಷ್ಟಾಯಿತು.

ನಮ್ಮ ಮಾವನವರ ಕಥೆ ಮೊದಲು ಹೇಳಿಬಿಡುತ್ತೇನೆ. ಚಿತ್ರದುರ್ಗದ ಕಡೆಯವರು. 2011ರ ಜನವರಿಯಲ್ಲಿ ನಮ್ಮಲ್ಲಿ ಎರಡು ತಿಂಗಳು ಇರಲು ಬಂದರು. ಊರಿನಲ್ಲಿ ಐದೂವರೆಗೆ ಎದ್ದು ಎರಡು ಮೈಲಿ ನಡೆದು ಬರುವ ಅಭ್ಯಾಸ. ಇಲ್ಲಿಯೂ ಅದನ್ನು ಬಿಡಲಿಲ್ಲ. ಬರಿತಲೆಯಲ್ಲಿ ಹೊರಟವರನ್ನು ಬಾಗಿಲಲ್ಲಿ ತಡೆದು ನಾನು ದಪ್ಪನೆಯ ಕಂದು ಬಣ್ಣದ ಮಂಕಿ ಕ್ಯಾಪು ಕೊಟ್ಟೆ. "ಏನಮ್ಮಾ, ಇದನ್ನ ಹಾಕ್ಕೊಂಡು ನಾನೇನು ಕನ್ನ ಹಾಕೋಕೆ ಹೋಗ್ಬೇಕಾ?" ಎಂದರು. ಕೊನೆಗೆ ನನ್ನ ಒತ್ತಾಯಕ್ಕೆ ಹಾಕಿಕೊಂಡರು. ಅದರ ಮೇಲೆ ಮಫ್ಲರನ್ನೂ ನಾನೇ ಬಿಗಿಯಾಗಿ ಎರಡು ಸುತ್ತು ಸುತ್ತಿದೆ.

ನಾಲ್ಕನೆಯ ದಿನ ದಟ್ಟ ಮಂಜು. ಮುಂದಿನ ಲೈಟುಕಂಬ ಕಾಣುತ್ತಿರಲಿಲ್ಲ. ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ ಅವರಿಗೆ ಹಿಂದಿನಿಂದ ಒಂದು ಸ್ಕೂಟರು ತಗುಲಿತು. ದೇವರ ದಯೆ, ಬಲಗೈ ಮಣಿಕಟ್ಟಿನ ಮೂಳೆ ಮುರಿಯುವುದರಲ್ಲೇ ಮುಗಿಯಿತು. ಸ್ಕೂಟರಿನ ಹುಡುಗ ಓಡಿಹೋಗಲಿಲ್ಲ, ಅವನೇ ಆಟೋದಲ್ಲಿ ಕೂರಿಸಿ ಮನೆಗೆ ಕರೆತಂದ. "ಆಂಟಿ, ಮೂರು ಸಲ ಹಾರ್ನ್ ಹೊಡೆದೆ, ಅಂಕಲ್ ತಿರುಗಲೇ ಇಲ್ಲ" ಎಂದು ಅಳುಮೋರೆ ಮಾಡಿಕೊಂಡು ನಿಂತ. ಮಾವನವರು ಏನೂ ಹೇಳಲಿಲ್ಲ. ಎಡಗೈಯಲ್ಲಿ ಕ್ಯಾಪನ್ನು ತೆಗೆದು ನನ್ನ ಕೈಗೆ ಕೊಟ್ಟರು, ಅಷ್ಟೆ. ಅವರಿಗೆ ಮೊದಲೇ ಕಿವಿ ಸ್ವಲ್ಪ ಮಂದ. ಅದರ ಮೇಲೆ ದಪ್ಪ ಉಲ್ಲನ್ನಿನ ಎರಡು ಪದರ, ಮಫ್ಲರಿನ ಎರಡು ಸುತ್ತು. ಕಣ್ಣಿಗೆ ಮಂಜು, ಕಿವಿಗೆ ನಾನು.

ಆದ್ದರಿಂದ ತಲೆಯ ಉಡುಪು ಆರಿಸುವಾಗ ನಾನು ಈಗ ಮೊದಲು ಕೇಳುವ ಪ್ರಶ್ನೆ 'ಎಷ್ಟು ಬೆಚ್ಚಗಿದೆ' ಎಂಬುದಲ್ಲ. ಅದನ್ನು ಹಾಕಿಸಿ, ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ಸಾಮಾನ್ಯ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೇನೆ. ತಿರುಗಿ ನೋಡಿದರೆ ಸರಿ. ಇಲ್ಲದಿದ್ದರೆ ಅದು ರಸ್ತೆಗೆ ಆಗುವ ಟೋಪಿ ಅಲ್ಲ. ಬಣ್ಣವೂ ಕಂದು, ಕಪ್ಪು, ಬೂದು ಬೇಡ. ಮಂಜಿನಲ್ಲಿ ದೂರಕ್ಕೆ ಕಾಣುವ ಕಡು ಹಳದಿ, ಕಿತ್ತಳೆಯಂಥ ಬಣ್ಣ ಇರಲಿ. ವಯಸ್ಸಾದವರು "ಈ ವಯಸ್ಸಿಗೆ ಇದೇನು ಬಣ್ಣ" ಎನ್ನುತ್ತಾರೆ. ಅನ್ನಲಿ ಬಿಡಿ.

ಇನ್ನು ನಮ್ಮೆಲ್ಲರ ಬಾಯಲ್ಲಿರುವ ಒಂದು ಮಾತು: ಮೈಯ ಶಾಖದಲ್ಲಿ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತದೆ ಎಂಬುದು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. 1970ರ ಅಮೆರಿಕದ ಸೈನ್ಯದ ಒಂದು ಕೈಪಿಡಿಯಲ್ಲಿ ನೂರಕ್ಕೆ 40ರಿಂದ 45 ಭಾಗ ಎಂದು ಬರೆದಿತ್ತಂತೆ. ಹಳೆಯ ಪ್ರಯೋಗಗಳಲ್ಲಿ ಜನರಿಗೆ ಮೈತುಂಬ ಚಳಿಯ ಉಡುಪು ತೊಡಿಸಿ ತಲೆ ಮಾತ್ರ ಬರಿದಾಗಿ ಬಿಟ್ಟಿದ್ದರು. ಬರಿದಾಗಿದ್ದ ಕಡೆಯಿಂದಲೇ ಶಾಖ ಹೋಯಿತು, ಅದರಲ್ಲೇನು ಸೋಜಿಗ? 2008ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ಈ ನಂಬಿಕೆಯನ್ನು ತಳ್ಳಿಹಾಕಿದರು. ದೊಡ್ಡವರ ಮೈಯ ಹೊರಮೈಯಲ್ಲಿ ತಲೆಯ ಪಾಲು ನೂರಕ್ಕೆ ಹತ್ತರ ಆಸುಪಾಸು. ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ.

ಹಾಗೆಂದು ಟೋಪಿ ಕಿತ್ತೆಸೆಯಬೇಡಿ. ಕೈಕಾಲುಗಳಿಗೆ ಚಳಿ ತಗುಲಿದರೆ ಅಲ್ಲಿಯ ರಕ್ತನಾಳಗಳು ಚೆನ್ನಾಗಿ ಕುಗ್ಗಿ ಶಾಖವನ್ನು ಒಳಗೆ ಉಳಿಸಿಕೊಳ್ಳುತ್ತವೆ. ನೆತ್ತಿಯ ನಾಳಗಳು ಅಷ್ಟು ಕುಗ್ಗುವುದಿಲ್ಲ. ಮುಖ, ಕಿವಿ, ಕುತ್ತಿಗೆಗಳಿಗೆ ಚಳಿಯ ಅರಿವೂ ಹೆಚ್ಚು. ಮೈಗೆ ಎಷ್ಟೇ ಹೊದ್ದರೂ ಕತ್ತು ಬರಿದಾಗಿದ್ದರೆ ನಡುಕ ನಿಲ್ಲುವುದಿಲ್ಲ ಎನ್ನುವುದು ನಿಮ್ಮ ಅನುಭವವೂ ಇರಬಹುದು. ತಲೆಗೂದಲು ಕಡಿಮೆಯಿರುವ ಮಹನೀಯರಿಗೆ ನಾನು ಹೇಳಬೇಕಾಗಿಯೇ ಇಲ್ಲ.

ಎಳೆಯ ಮಕ್ಕಳ ಲೆಕ್ಕವೇ ಬೇರೆ. ಕೂಸಿನ ಮೈಯಲ್ಲಿ ತಲೆಯ ಪಾಲು ದೊಡ್ಡವರಿಗಿಂತ ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕುಂಚಿಗೆ ನೆನಪಿದೆಯೇ? ತಲೆಗೆ ಟೋಪಿ, ಅದರಿಂದಲೇ ಇಳಿದು ಕತ್ತು ಬೆನ್ನು ಮುಚ್ಚುವ ಬಟ್ಟೆ, ಎಲ್ಲ ಒಂದೇ ತುಂಡು. ಟೋಪಿಗೂ ಅಂಗಿಗೂ ನಡುವೆ ಗಾಳಿ ನುಗ್ಗುವ ಸಂದೇ ಇಲ್ಲ. ದುಡ್ಡು ಸುರಿದು ಕೊಳ್ಳುವ ಎಷ್ಟೋ ಟೋಪಿಗಳಲ್ಲಿ ಈ ಜಾಣತನ ಇರುವುದಿಲ್ಲ. ಒಂದು ಎಚ್ಚರಿಕೆ: ಹೊರಗೆ ಹೋಗುವಾಗ ಕೂಸಿಗೆ ಕುಲಾವಿ ಇರಲೇಬೇಕು, ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಿ. ಮೈ ಅತಿಯಾಗಿ ಬಿಸಿಯಾಗಬಹುದು, ಜಾರಿ ಮೂಗಿನ ಮೇಲೆ ಬರಬಹುದು. ಜಾರುಬಂಡೆ, ಉಯ್ಯಾಲೆ ಆಡುವ ಮಕ್ಕಳಿಗೆ ಉದ್ದನೆಯ ಮಫ್ಲರು ಬೇಡವೇ ಬೇಡ. ಎಲ್ಲಿಯಾದರೂ ಸಿಕ್ಕಿಕೊಂಡರೆ ಅದೇ ಉರುಳು.

ಮಫ್ಲರಿನ ತುದಿ ಸ್ಕೂಟರಿನ ಹಿಂದಿನ ಚಕ್ರಕ್ಕೆ ಸಿಕ್ಕುವ ಅಪಾಯವೂ ಹೀಗೆಯೇ. ಇಸಡೋರಾ ಡಂಕನ್ ಎಂಬ ಪ್ರಸಿದ್ಧ ನರ್ತಕಿ 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಕುತ್ತಿಗೆಯ ಉದ್ದನೆಯ ವಸ್ತ್ರ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಗಾಡಿಯಲ್ಲಿ ಹೋಗುವವರು, ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂರುವ ಹೆಂಗಸರು, ತುದಿಗಳನ್ನು ಕೋಟಿನೊಳಗೆ ತುರುಕಿ ಗುಂಡಿ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯದು ತುದಿಯೇ ಇಲ್ಲದ, ಕೊಳವೆಯ ಹಾಗೆ ಹೊಲಿದ ಕುತ್ತಿಗೆಪಟ್ಟಿ. ತಲೆಯಿಂದ ಇಳಿಸಿಕೊಂಡರೆ ಸಾಕು, ಬೇಕಾದಾಗ ಮೂಗಿನವರೆಗೆ ಎಳೆದುಕೊಳ್ಳಬಹುದು.

ಗಾಡಿಯ ಮೇಲೆ ಗಾಳಿಯದೇ ಕಾಟ. ಐದು ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ ಸುಮಾರು ಒಂದು ಡಿಗ್ರಿ ಕೆಳಗಿದ್ದಂತೆ ತಟ್ಟುತ್ತದೆ. ಅಂತ ದಪ್ಪ ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಏರಿಸಬೇಡಿ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಅದು ಮಾಡಬೇಕಾದ ಕೆಲಸ ಮಾಡುವುದಿಲ್ಲ. ಒಳಗೆ ಹಾಕಿಕೊಳ್ಳಲೆಂದೇ ತೆಳುವಾದ, ಮೈಗಂಟುವ ಮುಸುಕುಟೋಪಿಗಳು ಸಿಗುತ್ತವೆ. ಅದನ್ನು ಹಾಕಿಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ತಲೆ ಅಲ್ಲಾಡಿಸಿ ನೋಡಿ.

ಅಂದಹಾಗೆ, ನಾವು ಮಂಕಿ ಕ್ಯಾಪು ಎಂದು ನಗುವ ಈ ಟೋಪಿಗೆ ಇಂಗ್ಲಿಷಿನಲ್ಲಿ ಬಾಲಕ್ಲಾವ ಎಂದು ಹೆಸರು. ಅದು ಕ್ರಿಮಿಯಾದ ಒಂದು ಊರು. 1854ರಲ್ಲಿ ಅಲ್ಲಿ ನಡೆದ ಯುದ್ಧದ ನೆನಪು ಆ ಹೆಸರಿನಲ್ಲಿದೆ. ಅದೇ ಯುದ್ಧದಲ್ಲಿ ಕುದುರೆ ದಳ ನಡೆಸಿದ ಕಾರ್ಡಿಗನ್ ಪ್ರಭುವಿನ ಹೆಸರು ನಮ್ಮ ಗುಂಡಿ ಸ್ವೆಟರಿಗೆ ಉಳಿದುಕೊಂಡಿದೆ. ಸೋಲು ಗೆಲುವು ಮರೆತುಹೋಯಿತು, ಉಲ್ಲನ್ನು ಉಳಿಯಿತು.

ಯಾವ ನೂಲಿನದು ಕೊಳ್ಳಬೇಕು? ಬೆಚ್ಚಗಿಡುವುದು ನೂಲಿನ ನಡುವೆ ಸಿಕ್ಕಿಕೊಂಡು ನಿಂತ ಗಾಳಿ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ತನ್ನ ತೂಕದ ನೂರಕ್ಕೆ ಮೂವತ್ತರಷ್ಟು ತೇವ ಹೀರಿದರೂ ಒದ್ದೆ ಎನ್ನಿಸುವುದಿಲ್ಲ. ಹತ್ತಿ ಹಾಗಲ್ಲ. ಬೆವರಿನಲ್ಲಿ ನೆನೆದರೆ ತಣ್ಣನೆಯ ಪಟ್ಟಿ ಕಟ್ಟಿಕೊಂಡ ಹಾಗೆ. ನಡಿಗೆಗೆ ಹೊರಡುವಾಗ ತಲೆಗೆ ಟವೆಲು ಸುತ್ತಿಕೊಳ್ಳುವವರು ಇದನ್ನು ಗಮನಿಸಬೇಕು. ಪಾಲಿಯೆಸ್ಟರಿನಿಂದ ಮಾಡುವ ಫ್ಲೀಸ್ ಬಟ್ಟೆ ಹಗುರ, ಬೇಗ ಒಣಗುತ್ತದೆ, ಚುಚ್ಚುವುದಿಲ್ಲ. ಬಿರುಗಾಳಿ ಮಾತ್ರ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಪಾದಚಾರಿ ಮಾರ್ಗದಲ್ಲಿ 'ಪ್ಯೂರ್ ವುಲ್' ಎಂದು ಕೂಗಿ ಮಾರುವುದು ಬಹುಪಾಲು ಅಕ್ರಿಲಿಕ್. ಅನುಮಾನವಿದ್ದರೆ ಒಳಗಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಲ್ಲ. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಉಣ್ಣೆಯ ಬೆಲೆ ಕೊಡಬೇಡಿ, ಅಷ್ಟೇ.

ಉಣ್ಣೆ ಚುಚ್ಚುತ್ತದೆ ಎನ್ನುವವರಿಗೆ: ಅದು ಉಣ್ಣೆಯ ತಪ್ಪಲ್ಲ, ಎಳೆಯ ದಪ್ಪದ್ದು. ಲಡಾಖಿನ ಚಾಂಗ್‌ಥಾಂಗಿ ಆಡಿನ ಪಶ್ಮೀನಾ ಎಳೆ 12ರಿಂದ 16 ಮೈಕ್ರಾನ್, ಚರ್ಮಕ್ಕೆ ತಾಗಿದ್ದೇ ತಿಳಿಯುವುದಿಲ್ಲ. 30 ಮೈಕ್ರಾನ್ ದಾಟಿದ ಎಳೆ ಚುಚ್ಚುತ್ತದೆ. ನಮ್ಮ ಚಳ್ಳಕೆರೆಯ ಕಡೆಯ ಕಂಬಳಿ ಈ ಎರಡನೆಯ ಜಾತಿ. ಆದರೆ ಮಳೆ ಚಳಿಯಲ್ಲಿ ಕುರಿಗಾಹಿಗಳು ಅದನ್ನೇ ಮಡಿಚಿ ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡರೆ ತಲೆ, ಕತ್ತು, ಬೆನ್ನು ಎಲ್ಲಕ್ಕೂ ಆಯಿತು. ಮಾವನವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದದ್ದು ತಮ್ಮ ಕಂಬಳಿಯ ಕೊಪ್ಪೆಯಲ್ಲೇ. ನನ್ನ ಟೋಪಿಗಳ ಗೊಡವೆಗೆ ಆಮೇಲೆ ಅವರು ಬರಲಿಲ್ಲ.

ದಿಲ್ಲಿಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಮೂಗು ಬಾಯಿಗೆ ಮಫ್ಲರು ಸುತ್ತಿದರೆ ಒಳಗೆ ಹೋಗುವ ಗಾಳಿ ಬೆಚ್ಚಗಾಗುತ್ತದೆ, ದಮ್ಮು ಇರುವವರಿಗೆ ಅದರಿಂದ ಹಾಯೆನಿಸುತ್ತದೆ. ಆದರೆ ಹೊಗೆಯ ಸೂಕ್ಷ್ಮ ಕಣಗಳನ್ನು ಉಣ್ಣೆ ತಡೆಯುವುದಿಲ್ಲ. ಅದಕ್ಕೆ ಎನ್-95 ಮಾಸ್ಕೇ ಬೇಕು, ಮುಖಕ್ಕೆ ಸಂದಿಲ್ಲದೆ ಕೂರಬೇಕು. ಮಾಸ್ಕು ಒಳಗೆ, ಮಫ್ಲರು ಹೊರಗೆ. ಗಾಳಿ ತೀರಾ ಕೆಟ್ಟ ದಿನ ಹೊರಗಿನ ನಡಿಗೆಯನ್ನೇ ಬಿಡಿ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ, ಹೃದಯದ ತೊಂದರೆ ಇರುವವರು ಬಿಸಿಲು ಬಂದ ಮೇಲೆಯೇ ಹೊರಡುವುದು ಮೇಲು. ಬೆಳಿಗ್ಗೆ ಎದ್ದಾಗ ಯಾರದಾದರೂ ಬಾಯಿ ಸೊಟ್ಟಗಾಗಿದ್ದರೆ "ಕಿವಿಗೆ ಗಾಳಿ ಹೊಡೆದಿದೆ" ಎಂದು ಮಫ್ಲರು ಕಟ್ಟಿ ಮಲಗಿಸಬೇಡಿ. ಅದು ಪಾರ್ಶ್ವವಾಯು ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಮಕ್ಕಳು ಈಗ ಹಿಮ ನೋಡಲು ಬೆಟ್ಟ ಹತ್ತುತ್ತಾರೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ತುಂಗನಾಥ ಇರುವುದು ಸುಮಾರು 3,680 ಮೀಟರ್ ಎತ್ತರದಲ್ಲಿ, ಲೆಕ್ಕ ಹಾಕಿಕೊಳ್ಳಿ. ಒಂದು ದಪ್ಪ ಟೋಪಿಗಿಂತ ಎರಡು ತೆಳುವಾದವು ಒಳ್ಳೆಯದು. ಏರುವಾಗ ಬೆವರುವ ಮೊದಲೇ ಟೋಪಿ ತೆಗೆದು, ನಿಂತ ಕೂಡಲೇ ಹಾಕಿಕೊಳ್ಳಬೇಕು. ನನ್ನ ಮಗಳು ಹೋದಾಗ ಟ್ರಂಕಿನಿಂದ ಅವಳ ತಾತನ ಕಂದು ಮಂಕಿ ಕ್ಯಾಪನ್ನೇ ಕೇಳಿ ಒಯ್ದಳು. ಅಲ್ಲಿ ಹಾರ್ನ್ ಹೊಡೆಯುವವರು ಯಾರೂ ಇಲ್ಲವಲ್ಲ, ಕೊಟ್ಟೆ.

ಹೋಳಿ ಕಳೆದ ಮೇಲೆ ಇವನ್ನೆಲ್ಲ ತಣ್ಣೀರಿನಲ್ಲಿ, ಮೃದುವಾದ ಸೋಪಿನಲ್ಲಿ, ಹಿಂಡದೆ ಒಗೆದು, ಟವೆಲಿನ ಮೇಲೆ ಚಪ್ಪಟೆ ಹಾಸಿ ನೆರಳಿನಲ್ಲಿ ಒಣಗಿಸಿ. ತಂತಿಗೆ ನೇತುಹಾಕಿದರೆ ಟೋಪಿ ಚೀಲವಾಗುತ್ತದೆ. ನುಸಿಗುಳಿಗೆಯನ್ನು ಬಟ್ಟೆಗೆ ತಾಗದಂತೆ ಪುಟ್ಟ ಗಂಟು ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಟ್ರಂಕಿನ ಮೂಲೆಗೆ ಇಡಿ. ಮುಂದಿನ ವರ್ಷ ಹೊರತೆಗೆದಾಗ ಹಾಕಿಕೊಳ್ಳುವ ಮೊದಲು ಒಂದು ದಿನ ಪೂರ್ತಿ ಬಿಸಿಲು ಗಾಳಿ ತೋರಿಸುವುದನ್ನು ಮರೆಯಬೇಡಿ.