ಹಳೆಯ ಜೀಪು: ಚಕ್ರದ ಆಯ್ಕೆ, ಕೀಲಿನ ಆರೈಕೆ



ಎತ್ತಿನ ಗಾಡಿ ಕಟ್ಟುತ್ತಿದ್ದ ಕಾಲದಲ್ಲಿ ಸಂತೆಗೆ ಹೊರಡುವ ಮುಂಚೆ ಮನೆಯ ಹಿರಿಯರು ಎರಡು ಕೆಲಸ ತಪ್ಪದೆ ಮಾಡುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಹಾಕುವುದು ಒಂದು. ಕಡಾಣಿ ಭದ್ರವಾಗಿದೆಯೇ ಎಂದು ಮುಟ್ಟಿ ನೋಡುವುದು ಇನ್ನೊಂದು. ಈಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಹಳೆಯ ಜೀಪು ನಿಂತಿದೆ. ಕಾಫಿ ಮೂಟೆ, ಗೊಬ್ಬರ, ಆಳುಕಾಳು, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ. ಆದರೆ ಕೀಲೆಣ್ಣೆಯ ಆ ಅಭ್ಯಾಸ ಮಾತ್ರ ಗಾಡಿಯ ಜೊತೆಗೇ ಹೊರಟುಹೋಯಿತೇನೋ ಅನ್ನಿಸುತ್ತದೆ.

ಈ ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ವಿಲ್ಲಿಸ್ ಕಂಪನಿ 1941ರಿಂದ ಸೈನ್ಯಕ್ಕಾಗಿ ಇದನ್ನು ತಯಾರಿಸಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮುಂಬಯಿಯ ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲೇ ಇದನ್ನು ಜೋಡಿಸತೊಡಗಿದರು. ಕೆಸರು, ಕಲ್ಲು, ಏರು, ಯಾವುದಕ್ಕೂ ಹಿಂಜರಿಯದ ಗಟ್ಟಿ ಜೀವ ಇದು. ಹಾಗಿದ್ದರೂ ಎರಡು ಸಂಗತಿಗಳಲ್ಲಿ ತಪ್ಪಿದರೆ ಇದೂ ಮಲಗುತ್ತದೆ.

ಮೊದಲನೆಯದು ಚಕ್ರ. ಈ ಹಳೆಯ ಜೀಪಿನ ಟೈರಿನ ಮೇಲೆ 6.00-16 ಎಂಬ ಅಂಕಿ ಇರುತ್ತದೆ. ಟೈರಿನ ಅಗಲ 6 ಅಂಗುಲ, ರಿಮ್ಮಿನ ಅಡ್ಡಳತೆ 16 ಅಂಗುಲ ಎಂದು ಇದರ ಅರ್ಥ. ಇಷ್ಟು ಸಣ್ಣ ಟೈರೇ ಎಂದು ಮೂಗು ಮುರಿಯಬೇಡಿ. ನಮ್ಮ ಕೆಂಪು ಕೆಸರಿನಲ್ಲಿ ಕಿರಿದಾದ ಟೈರು ಮೇಲಿನ ರಾಡಿಯನ್ನು ಸೀಳಿಕೊಂಡು ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲ ಟೈರು ಮೇಲೆಯೇ ತೇಲಿ ಜಾರುತ್ತದೆ. ಅದು ಮರಳಿಗೆ ಸರಿ. ಚಂದಕ್ಕೆಂದು ಹೊರಗೆ ಚಾಚಿದ ಅಗಲ ಚಕ್ರ ಹಾಕಿದರೆ ಬೇರಿಂಗಿನ ಮೇಲೂ ಸ್ಟೀರಿಂಗಿನ ಕೀಲುಗಳ ಮೇಲೂ ಭಾರ ಹೆಚ್ಚುತ್ತದೆ. ಪೂರಾ ತಿರುಗಿಸಿದಾಗ ಟೈರು ಸ್ಪ್ರಿಂಗ್ ಪಟ್ಟಿಗೆ ಉಜ್ಜುವುದೂ ಉಂಟು.

ಎಲ್ಲಕ್ಕಿಂತ ಮುಖ್ಯ ಮಾತು, ನಾಲ್ಕೂ ಚಕ್ರ ಒಂದೇ ಎತ್ತರ ಇರಬೇಕು. ಒಂದು ಎತ್ತು ದೊಡ್ಡದು, ಇನ್ನೊಂದು ಕರು, ಎರಡನ್ನೂ ಒಂದೇ ನೊಗಕ್ಕೆ ಹೂಡುತ್ತೀರಾ? ಮುಂದಿನ ಚಕ್ರಕ್ಕೂ ಬಲ ಕೊಟ್ಟಾಗ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದೇ ನೊಗಕ್ಕೆ ಬಿದ್ದ ಹಾಗೆ ಸಮನಾಗಿ ತಿರುಗುತ್ತವೆ. ಹಿಂದೆ ಹೊಸ ಟೈರು, ಮುಂದೆ ಸವೆದದ್ದು ಇದ್ದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲವಾಗುತ್ತದೆ. ಟಾರು ರಸ್ತೆಯಲ್ಲಿ ಜಾರುವುದಕ್ಕೆ ಎಡೆಯಿಲ್ಲ, ಆದ್ದರಿಂದ ಗೇರಿನ ಹಲ್ಲೇ ಮುರಿಯಬಹುದು. ಟೈರು ಸಮನಾಗಿದ್ದರೂ ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಹಾಗಾಗಿ ಒಣ ಟಾರು ರಸ್ತೆ ಸಿಕ್ಕಿದ ಕೂಡಲೆ ಮುಂದಿನ ಬಲ ಬಿಡಿಸಿ.

ಸಮನಾಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿಸಿ. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಚಕ್ರ ಒಂದು ಸುತ್ತು ಬರುವಷ್ಟು ಜೀಪನ್ನು ತಳ್ಳಿ, ಹಗ್ಗದಿಂದ ಅಳೆಯಿರಿ. ನಾಲ್ಕು ಅಳತೆಯೂ ಒಂದೇ ಬರಬೇಕು. ಟೈರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನೂ ನೋಡಿ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹೂವು ಸವೆಯದಿದ್ದರೂ ರಬ್ಬರು ಮುದಿಯಾಗುತ್ತದೆ.

ಈಗ ಚಕ್ರ ಬಿಚ್ಚುವ ವಿಷಯ. ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ತೋಟದ ಇಳಿಜಾರಿನಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಹ್ಯಾಂಡ್ ಬ್ರೇಕು ಎಳೆದು ಜಾಕಿ ಕೊಟ್ಟೆ. ಚಕ್ರ ನೆಲ ಬಿಟ್ಟದ್ದೇ ತಡ, ಜೀಪು ಹೊರಟೇ ಬಿಟ್ಟಿತು! "ಅಣ್ಣಾ, ಕೈ ತೆಗಿ!" ಅಂತ ತಮ್ಮ ಕೂಗಿದ್ದರಿಂದ ನನ್ನ ಕೈ ಉಳಿಯಿತು. ಕಾರಣ ಆಮೇಲೆ ತಿಳಿಯಿತು. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂಚಕ್ರ ಎತ್ತಿದರೆ ಅದು ಉಲ್ಟಾ ತಿರುಗಿ, ನೆಲದ ಮೇಲಿನ ಇನ್ನೊಂದು ಉರುಳುತ್ತದೆ. ಆದುದರಿಂದ ಜಾಕಿ ಕೊಡುವ ಮೊದಲು ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಇದನ್ನು ಮಕ್ಕಳಿಗೂ ಹೇಳಿಕೊಡಿ.

ನಟ್ಟಿನದೂ ಒಂದು ಗುಟ್ಟಿದೆ. ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಎಡತಿರುವಿನವು. ಬೋಲ್ಟಿನ ತುದಿಯಲ್ಲಿ 'ಎಲ್' ಅಕ್ಷರ ಇದೆಯೇ ನೋಡಿ. ತಿಳಿಯದೆ ಪಾನಾದ ಮೇಲೆ ನಿಂತು ಕುಣಿದರೆ ಬೋಲ್ಟು ಮುರಿಯುತ್ತದೆ. ಯುದ್ಧಕಾಲದ ಜೀಪುಗಳಲ್ಲಿ ಎರಡು ಹೋಳು ಜೋಡಿಸಿದ ರಿಮ್ಮು ಇರುವುದುಂಟು. ಗಾಳಿ ಪೂರಾ ಬಿಡದೆ ಹೋಳು ಜೋಡಿಸಿದ ನಟ್ಟನ್ನು ಮುಟ್ಟಕೂಡದು. ಗಾಳಿಯ ಒತ್ತಡಕ್ಕೆ ರಿಮ್ಮು ಸಿಡಿದರೆ ಪ್ರಾಣಕ್ಕೇ ಅಪಾಯ.

ಎರಡನೆಯದು ಕೀಲುಗಳ ಆರೈಕೆ. ಶಾಫ್ಟಿನ ಜಾಯಿಂಟು, ಸ್ಪ್ರಿಂಗಿನ ಕೀಲು, ಸ್ಟೀರಿಂಗಿನ ಕೀಲು, ಇವಕ್ಕೆಲ್ಲ ಗ್ರೀಸ್ ನಿಪ್ಪಲ್ ಇದೆ. ಹಳೆಯ ಗ್ರೀಸು ಕೆಸರಿನೊಂದಿಗೆ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ಮುಂದಿನ ಚಕ್ರದ ಹಿಂದೆ ಇರುವ ಗುಂಡಿನ ಸೀಲು ಹರಿದರೆ ಗ್ರೀಸು ಹೊರಕ್ಕೆ, ನೀರು ಒಳಕ್ಕೆ. ಹಳ್ಳ ದಾಟಿದ ಮರುದಿನ ಅಚ್ಚಿನ ಎಣ್ಣೆ ನೋಡಿ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಾಯಿಸಿ. ಅಚ್ಚಿನ ಮೇಲೆ ಉಸಿರಾಡುವ ಸಣ್ಣ ತೂತು ಉಂಟು. ಅದು ಕಟ್ಟಿಕೊಂಡರೆ ಬಿಸಿ ಅಚ್ಚು ತಣ್ಣೀರಿಗಿಳಿದಾಗ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ.

ಬ್ರೇಕಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಈ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಅಂದೇ ರಿಪೇರಿ ಮಾಡಿಸಿ. ಬ್ರೇಕಿಗೆ ಬ್ರೇಕಿನ ಎಣ್ಣೆಯನ್ನೇ ಹಾಕತಕ್ಕದ್ದು. ಇಂಜಿನ್ ಎಣ್ಣೆ ಹಾಕಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ನೀರು ದಾಟಿದ ಮೇಲೆ ಮೆಲ್ಲಗೆ ಓಡಿಸುತ್ತ ಬ್ರೇಕು ಒತ್ತಿ ಒಣಗಿಸಿಕೊಳ್ಳಿ.

ನಾಲ್ಕು ಚಕ್ರ ಸಮ, ಎತ್ತುವ ಮೊದಲು ಕಲ್ಲು, ಮಳೆಗೆ ಮುಂಚೆ ಗ್ರೀಸು, ಈ ಮೂರು ಮಾತು ನೆನಪಿರಲಿ. ಗಾಡಿಗೆ ಕೀಲೆಣ್ಣೆ ಹಾಕಿದ ಕೈ ನಮ್ಮದು. ಜೀಪಿಗೂ ಆ ಕೈ ಬರಲಿ.